ಸೆರಗು ಸರಿಸಿದ ದಿನ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ಆ ದಿನವೂ ನಾನು ಎಂದಿನಂತೆ ಬೆಳಕು ಹರಿಯುವ ಮೊದಲೇ ಬಾವಿಯಿಂದ ಎರಡು ಕೊಡ ನೀರು ತಂದು, ಅಂಗಳ ಸಾರಿಸಿ, ರೊಟ್ಟಿ ಬಡಿಯಲು ಕುಳಿತಿದ್ದೆ. ಟಿಕೋಟಾದ ನಮ್ಮ ಓಣಿಯಲ್ಲಿ ಉಳಿದ ಹೆಣ್ಣುಮಕ್ಕಳು ಬಿಸಿಲು ಬಿದ್ದ ಮೇಲೆ ನೀರಿಗೆ ಹೋಗುತ್ತಿದ್ದರು. ನಾನು ಕತ್ತಲಲ್ಲೇ ಹೋಗಿ ಬರುತ್ತಿದ್ದುದಕ್ಕೆ ಕಾರಣ ನನ್ನ ಮುಖ. ಹನ್ನೆರಡನೆಯ ವಯಸ್ಸಿನಲ್ಲಿ ಬಂದ ಸಿಡುಬು ಅದರ ತುಂಬ ಕುಳಿ ಬಿಟ್ಟುಹೋಗಿತ್ತು. ಪಕ್ಕದಲ್ಲಿ ಮಲಗಿದ್ದ ತಮ್ಮನನ್ನು ಅದು ಉಳಿಸಲೇ ಇಲ್ಲ. ವಾಸಿಯಾಗಿ ಕಾನ್ವೆಂಟಿಗೆ ಮರಳಿದಾಗ ಸಿಸ್ಟರ್ ನನ್ನನ್ನು ಮೊದಲ ಸಾಲಿನಲ್ಲಿ ಕೂಡಿಸಿದರು. ಅದು ಶಿಕ್ಷೆಯೆಂದೇ ನನಗೆ ಅನ್ನಿಸಿತ್ತು. ವಿಜಾಪುರದ ತವರಿನಲ್ಲಿ ಹೆಣ್ಣು ನೋಡಲು ಬಂದವರಿಗೆ ನನ್ನನ್ನು ತೋರಿಸಿದ್ದು ದೀಪ ಹಚ್ಚಿದ ಮೇಲೆ. ಮದುವೆಯಾಗಿ ಮೂರು ವರ್ಷವಾದರೂ ಸೆರಗು ಹುಬ್ಬಿನ ಕೆಳಗೇ ಇತ್ತು. ಹಿರಿಯರ ಮುಂದಿನ ಮರ್ಯಾದೆ ಎಂದು ಜನ ತಿಳಿದರು, ನಾನೂ ತಿದ್ದಲಿಲ್ಲ.

ನಾಲ್ಕು ದಿನದಿಂದ ಮನೆಯಲ್ಲಿ ಒಗ್ಗರಣೆ ಇರಲಿಲ್ಲ. ಹತ್ತಿರದ ಘೋಣಸಗಿಯಲ್ಲಿ ಸಿಡುಬು ಎದ್ದಿತ್ತು. ಆ ಹೆಸರನ್ನು ಯಾರೂ ಆಡುತ್ತಿರಲಿಲ್ಲ, ‘ದೇವಿ ಬಂದಾಳ’ ಎನ್ನುತ್ತಿದ್ದರು. ಎಣ್ಣೆ ಸಿಡಿದರೆ ದೇವಿಗೆ ಸಿಟ್ಟು ಬರುತ್ತದೆಂದು ಓಣಿಯೆಲ್ಲ ಸಪ್ಪೆ ಸಾರು. ನನ್ನ ಮಗಳಿಗೆ ಒಂದೂವರೆ ವರ್ಷ. ರೊಟ್ಟಿಯ ನಡುನಡುವೆ ಎದ್ದು ಹೋಗಿ ಅವಳ ಹಣೆ ಮುಟ್ಟಿ ನೋಡುತ್ತಿದ್ದೆ. ಹಿಟ್ಟಿನ ಬೆರಳುಗಳ ಗುರುತು ಅಲ್ಲಿ ಒಂದರ ಮೇಲೊಂದು ಮೂಡಿತ್ತು.

ಆಗ ಗೋಡೆಯಾಚೆಯಿಂದ ನೆರೆಮನೆಯಾಕೆ ಕೂಗಿದಳು: “ದೇವಿ ಹಾಕೋರು ಚಾವಡಿಗೆ ಬಂದಾರ್ರೆವ್ವಾ! ಕೂಸುಗಳ್ನ ಒಳಗ ಮಾಡ್ರಿ!”

ದೇವಿ ಹಾಕುವವರೆಂದರೆ ಸಿಡುಬಿನ ಲಸಿಕೆಯವರು. ತೋಳು ಗೀರಿ ಅವರೇ ದೇವಿಯನ್ನು ಮೈಯೊಳಗೆ ಕರೆಯುತ್ತಾರೆಂದು ಊರಿನ ನಂಬಿಕೆ. ಹಿಂದಿನ ವರ್ಷ ಅವರು ಮಗಳಿಗೆ ಹಾಕಿ ಹೋದ ಬೆನ್ನಲ್ಲೇ ಅತ್ತೆ ಆ ಗೀರಿಗೆ ಒಲೆಯ ಬೂದಿ ತಿಕ್ಕಿ, ಮಜ್ಜಿಗೆಯಿಂದ ತೊಳೆದುಬಿಟ್ಟಿದ್ದರು. ಎಲ್ಲ ಮನೆಗಳಲ್ಲೂ ಹಾಗೆಯೇ ಮಾಡಿದರು. ಮಗಳ ತೋಳಿನ ಮೇಲೆ ಕಲೆ ಏಳಲೇ ಇಲ್ಲ. ಆಗ ನಾನು ತುಟಿ ಬಿಚ್ಚದೆ ನಿಂತು ನೋಡಿದ್ದೆ.

ಅತ್ತೆ ಮಗುವನ್ನು ಒಯ್ದು ಜೋಳದ ಕಣಜದ ಹಿಂದೆ ಕೂಡಿಸಿ, ಕೈಗೆ ಬೆಲ್ಲ ಕೊಟ್ಟರು. “ಸುಮ್ಮ ಕುಂದರು ಬೇ, ಗುಮ್ಮ ಬಂದಾನ,” ಎಂದವರು ನನ್ನ ಕಡೆ ತಿರುಗಿ, “ನೀ ಇಲ್ಲೇ ಇರು. ನಾ ಬೇವಿನ ತಪ್ಪಲ ತರತೇನಿ,” ಎಂದು ಹೊರಬಿದ್ದರು. ನಮ್ಮ ಮನೆಯವರು ಎತ್ತು ನೋಡಲು ಬಬಲೇಶ್ವರಕ್ಕೆ ಹೋಗಿದ್ದರು. ಕೇಳೋಣವೆಂದರೆ ಯಾರೂ ಇರಲಿಲ್ಲ.

ಅತ್ತೆಯ ಭಯ ಒಂದು ಕಡೆ. ನಿಜ ಹೇಳಬೇಕೆಂದರೆ, ಕಾನ್ವೆಂಟಿನಲ್ಲಿ ಕಲಿತಿದ್ದರೂ ದೇವಿಯ ಭಯ ನನ್ನನ್ನೂ ಬಿಟ್ಟಿರಲಿಲ್ಲ. ಆದರೆ ಬೆಲ್ಲ ಅಂಟಿದ ಆ ನುಣುಪು ಗಲ್ಲ ನೋಡಿದೆ, ತಮ್ಮ ನೆನಪಾದ. ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು, ಮಗುವನ್ನೆತ್ತಿಕೊಂಡು ನಡೆದೆ.

ಚಾವಡಿಯ ಕಟ್ಟೆಯ ಮೇಲೆ ಲಸಿಕೆಯವರು ಸ್ಪಿರಿಟ್ ದೀಪ ಇಟ್ಟುಕೊಂಡು ಒಬ್ಬರೇ ಕುಳಿತಿದ್ದರು. ದೂರದಲ್ಲಿ ಕೆಲವು ಹೆಂಗಸರು ಬರಿ ನೋಡಲೆಂದು ನಿಂತಿದ್ದರು. ಮಗನನ್ನು ಸೆರಗಿನಲ್ಲಿ ಸುತ್ತಿಕೊಂಡು ನೆರೆಮನೆಯಾಕೆಯೂ ಇದ್ದಳು.

“ಸಾಲಿ ಕಲತಾಕಿ ಬಂದ್ಲು ನೋಡ್ರೆ,” ಎಂದಳು ಒಬ್ಬಳು. “ಅತ್ತಿಗಿ ಹೇಳಿ ಬಂದಿಯೇನ, ಇಲ್ಲಾ ಕಳ್ಳಬೆಕ್ಕಿನಂಗ ಬಂದಿ?”

ಎಲ್ಲರೂ ನಕ್ಕರು. ಒಬ್ಬ ಮುದುಕಿ ಮಾತ್ರ ನಗಲಿಲ್ಲ. “ದೇವಿ ಮುನದ್ರ ಕೂಸಿನ ಗತಿ ಏನ, ಬೇ?”

ಉತ್ತರ ಹೊಳೆಯುವ ಮೊದಲೇ ಕೈ ಸೆರಗನ್ನು ಹಿಂದಕ್ಕೆ ಸರಿಸಿತು. ಬಿಸಿಲು ಮುಖಕ್ಕೆ ಬಡಿಯಿತು.

“ಮುನದ್ರ ಹಿಂಗ ಮಾಡತಾಳ್ರಿ, ನೋಡ್ರಿ,” ಎಂದೆ. “ನಮಗ ಯಾರೂ ಹಾಕಿಸಿದ್ದಿಲ್ಲ. ನಾ ಉಳದೆ. ನನ್ನ ತಮ್ಮ ಉಳೀಲಿಲ್ಲ.”

ಮಗುವಿನ ತೋಳನ್ನು ಲಸಿಕೆಯವರ ಮುಂದೆ ಹಿಡಿದೆ. ತೋಳು ಗೀರಿದಾಗ ಮಗಳು ಚೀರಿದಳು. ಅದೇ ಹೊತ್ತಿಗೆ ಅತ್ತೆ ಬಂದರು, ಉಡಿಯ ತುಂಬ ಬೇವು. ಹೊಡೆದೇಬಿಡುತ್ತಾರೆಂದು ಕಣ್ಣು ಮುಚ್ಚಿದೆ. ತೆರೆದಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕುಳಿಗಳು ಅವರಿಗೆ ಗೊತ್ತಿದ್ದವು. ಹಗಲಿನಲ್ಲಿ ಅಷ್ಟು ಹೊತ್ತು ಎಂದೂ ನೋಡಿರಲಿಲ್ಲ. ಕೊನೆಗೆ ಲಸಿಕೆಯವರ ಕಡೆ ತಿರುಗಿ, “ಜ್ವರ ಬಂದ್ರ ಏನ ಮಾಡಬೇಕ್ರಿ?” ಎಂದರು.

“ಬಂದ್ರ ಬರ್ಲಿ ಬಿಡ್ರಿ. ತೊಳೀಬ್ಯಾಡ್ರಿ, ಅಷ್ಟ.”

ಮನೆಗೆ ಬಂದ ಮೇಲೂ ಅತ್ತೆ ಬೈಯಲಿಲ್ಲ. ಬೈದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಮಧ್ಯಾಹ್ನವೆಲ್ಲ ಮಗುವಿನ ತೋಳಿಗೆ ಅಂಗೈ ಅಡ್ಡ ಹಿಡಿದು ಕುಳಿತೆ. ಅವರು ಒಲೆಯ ಮುಂದೆ ಬಗ್ಗಿದಾಗ, ಬೂದಿ ತೆಗೆಯುತ್ತಿದ್ದಾರೆಂದು ಮಗುವನ್ನು ಎದೆಗೆ ಅವಚಿಕೊಂಡೆ. ಆದರೆ ಅವರು ಕರಕಲಾದ ನನ್ನ ರೊಟ್ಟಿಯನ್ನು ಹಂಚಿನಿಂದ ಕೆರೆದು ಎಮ್ಮೆಗೆ ಹಾಕಿ ಬಂದರು. ಆಮೇಲೆ ಮಗುವಿನ ಇನ್ನೊಂದು ತೋಳಿಗೆ ಬೇವಿನ ಎಸಳು ಕಟ್ಟಿ, “ಆ ತೋಳ ನಿಂದ. ಈ ತೋಳ ನಂದ,” ಎಂದರು.

ಧೈರ್ಯ ಬಂದಿತ್ತೆಂದು ಈಗ ಬರೆದರೆ ಸುಳ್ಳಾಗುತ್ತದೆ. ಮುಂದಿನ ಎರಡು ವಾರ, ಆ ಗೀರು ಬೊಕ್ಕೆಯಾಗಿ ಒಣಗುವತನಕ, ನಾನು ಹೆದರಿಕೊಂಡೇ ಇದ್ದೆ. ಆದರೆ ನನ್ನ ಮುಖದ ಆ ಕುಳಿಗಳು ಒಬ್ಬರ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಆ ದಿನ ಸಂಜೆ ನೆರೆಮನೆಯಾಕೆ ಒಲೆ ಹೊತ್ತಿಸಲು ಕೆಂಡ ಕೇಳಿಕೊಂಡು ಬಂದಳು. ಬಗಲಲ್ಲಿದ್ದ ಮಗನ ತೋಳಿನ ಮೇಲೆ ಹಸಿ ಗೀರು, ತೊಳೆದಿರಲಿಲ್ಲ. ರೂಢಿಯಂತೆ ನನ್ನ ಕೈ ಸೆರಗಿಗೆ ಹೋಯಿತು. ಆಕೆ ಕೆಂಡದ ಬೂದಿ ಊದುತ್ತ, ನನ್ನನ್ನೊಮ್ಮೆ ನೋಡಿ ಅಂದಳು:

“ಯವ್ವಾ, ಮೂರ ವರ್ಷ ಅಷ್ಟ ಸೆರಗ ಜಗ್ಗಿ ಅಡ್ಡಾಡಿದಿ, ನಾ ನಿನಗ ಮೆಳ್ಳಗಣ್ಣ ಇರಬೇಕ ಅಂದ್ಕೊಂಡಿದ್ನೆ.”