ಸತ್ತ ಬೊಂಬೆಗೆ ಜೀವ ಬಂದದ್ದು

ಆಸ್ಪತ್ರೆಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಬೊಂಬೆ ಮೇಷ್ಟ್ರು ಎಂದು. ತಲೆಗೂದಲು ಉದುರುವವರೆಗೆ ಆಪರೇಷನ್ ಥಿಯೇಟರಿನಲ್ಲಿ ಟೆಕ್ನಿಷಿಯನ್ ಆಗಿ ದುಡಿದರು. ಬೆನ್ನು ಕೈಕೊಟ್ಟ ಮೇಲೆ ತರಬೇತಿ ಕೋಣೆಗೆ ಬಂದರು. ಆ ಕೋಣೆಯಲ್ಲಿ ನಿಜವಾದ ಥಿಯೇಟರಿನದೆಲ್ಲ ಇತ್ತು: ತಲೆಯ ಮೇಲೆ ದೊಡ್ಡ ದೀಪ, ಉಸಿರಿನ ಯಂತ್ರ, ಹಸಿರು ಬಟ್ಟೆ. ಮೇಜಿನ ಮೇಲೆ ಮಾತ್ರ ರೋಗಿಯ ಬದಲು ಒಂದು ರಬ್ಬರ್ ಬೊಂಬೆ. ಮೇಷ್ಟ್ರು ಗಾಜಿನಾಚೆ ಕೂತು ಒಂದು ಗುಂಡಿ ಒತ್ತಿದರೆ ಬೊಂಬೆಯ ನಾಡಿ ಓಡುತ್ತಿತ್ತು, ಇನ್ನೊಂದು ಒತ್ತಿದರೆ ನಿಲ್ಲುತ್ತಿತ್ತು. ‘ಅಯ್ಯೋ, ಉಸಿರು ಕಟ್ತಿದೆ’ ಎಂದು ನರಳುವ ದನಿಯೂ ಅವರದೇ.

ಥಿಯೇಟರಿಗೆ ಹೊಸದಾಗಿ ಸೇರಿದವರಿಗೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಪಾಠ. “ತಪ್ಪು ಕಂಡರೆ ಬಾಯಿ ಬಿಡಿ. ಎದುರಿಗಿರೋರು ಎಷ್ಟೇ ದೊಡ್ಡೋರಾಗಲಿ, ತಡೀರಿ.” ಪಾಠ ಮುಗಿಸಿ ಹೊರಗೆ ಬಂದು ಯಾವುದಾದರೂ ಡಾಕ್ಟರ್ ಎದುರಾದರೆ ಮಾತ್ರ ಅವರ ಬಾಯಿಂದ ಹೊರಡುತ್ತಿದ್ದದ್ದು ಎರಡೇ ಪದ: “ಆಗಲಿ ಸಾರ್.” ಲಿಫ್ಟಿನಲ್ಲಿ ಯಾರೋ ಕಾಲು ತುಳಿದಾಗಲೂ ಇದನ್ನೇ ಅಂದಿದ್ದರಂತೆ.

“ಊರಿಗೆಲ್ಲ ಬಾಯಿ ಬಿಡೋದು ಕಲಿಸ್ತೀರಿ, ನಿಮ್ಮ ಬಾಯಿಗೆ ಮಾತ್ರ ಬೀಗ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ,” ಎನ್ನುತ್ತಿದ್ದಳು ಹೆಂಡತಿ. ಅದಕ್ಕೂ ಮೇಷ್ಟ್ರು ಗೋಣು ಆಡಿಸುತ್ತಿದ್ದರು.

ಹೀಗಿರುವಾಗ ಆಸ್ಪತ್ರೆಯ ಪತ್ರಿಕೆಗೆ ಒಂದು ಫೋಟೋ ಬೇಕಾಯಿತು. ದೊಡ್ಡ ಡಾಕ್ಟರೇ ಹೊಸಬರ ಜೊತೆ ನಿಂತು ತರಬೇತಿ ಮಾಡಿದರೆ ಎಷ್ಟು ಚೆಂದ ಎಂದು ಆಡಳಿತಾಧಿಕಾರಿಗೆ ಹೊಳೆಯಿತು. ಈ ದೊಡ್ಡ ಡಾಕ್ಟರ ಕೈಗುಣ ಎಷ್ಟು ದೊಡ್ಡದೋ ಗಂಟಲು ಅದಕ್ಕಿಂತ ದೊಡ್ಡದು. ಅವರು ಬಂದರು, ಕ್ಯಾಮೆರಾ ಯಾವ ಕಡೆ ಎಂದು ಕೇಳಿದರು, ಆ ಕಡೆಗೆ ಮುಖ ಮಾಡಿ ನಿಂತರು.

ಅವತ್ತಿನ ಪಾಠ ಸುಲಭದ್ದು. ಬೊಂಬೆಯ ಕೈಗೆ ಕೆಂಪು ಪಟ್ಟಿ ಕಟ್ಟಿತ್ತು: ಈ ರೋಗಿಗೆ ಇಂಥ ಇಂಜೆಕ್ಷನ್ ಒಗ್ಗುವುದಿಲ್ಲ ಎಂದು. ಡಾಕ್ಟರು ಅದನ್ನೇ ಕೊಡಿ ಅನ್ನಬೇಕು, ಹೊಸಬರು ತಡೆಯಬೇಕು. ಇಂಥದ್ದನ್ನು ಕೇಳಿ ಎಂದು ಮೇಷ್ಟ್ರು ಡಾಕ್ಟರಿಗೆ ಮೊದಲೇ ತಿಳಿಸಿದ್ದರು. ಯಾಕೆ ಕೇಳಬೇಕು ಎಂದು ಹೇಳುವಷ್ಟರಲ್ಲಿ ಡಾಕ್ಟರು ಕ್ಯಾಮೆರಾದವನ ಜೊತೆ ಮಾತಿಗೆ ನಿಂತಿದ್ದರು.

“ಇಂಜೆಕ್ಷನ್ ಕೊಡಿ,” ಎಂದರು ಡಾಕ್ಟರು.

ಹೊಸ ನರ್ಸಮ್ಮ ಪಟ್ಟಿ ನೋಡಿದಳು. “ಸಾರ್, ಇವರಿಗೆ ಇದು ಒಗ್ಗಲ್ಲ.”

“ಕೊಡಿ ಅಂದೆ.”

“ಸಾರ್, ಕೆಂಪು ಪಟ್ಟಿ ಇದೆ.”

“ಏನಮ್ಮಾ, ನೀನು ಹುಟ್ಟೋಕೆ ಮುಂಚೆಯಿಂದ ನಾನು ಕತ್ತರಿ ಹಿಡಿದವನು!”

ನರ್ಸಮ್ಮನ ಮುಖ ಕೆಂಪಾಯಿತು. ಪಕ್ಕದಲ್ಲಿದ್ದ ಹೊಸ ಟೆಕ್ನಿಷಿಯನ್, ಮೇಲೆ ಸೂರಿನ ಕಡೆ ನೋಡುತ್ತಲೇ, ಸಿರಿಂಜು ಒತ್ತಿಬಿಟ್ಟ. ಗಾಜಿನಾಚೆ ಮೇಷ್ಟ್ರು, ಪಾಠದಲ್ಲಿದ್ದ ಪ್ರಕಾರ, ಗುಂಡಿ ಒತ್ತಿದರು. ಯಂತ್ರ ಕಿರುಚಿತು. ನರ್ಸಮ್ಮ ಬೊಂಬೆಯ ಎದೆ ಒತ್ತತೊಡಗಿದಳು. ಒತ್ತಿ ಒತ್ತಿ ಬೆವತಳು. ಬೊಂಬೆ ಸತ್ತಿತು.

“ಮಿಷಿನ್ ಕೆಟ್ಟಿದೆ,” ಎಂದರು ದೊಡ್ಡ ಡಾಕ್ಟರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ಆಡಳಿತಾಧಿಕಾರಿ ಗಾಜಿನ ಕೋಣೆಗೆ ನುಗ್ಗಿದರು. “ಏನ್ರೀ ಇದು? ಸತ್ತ ರೋಗಿ ಜೊತೆ ಫೋಟೋ ತೆಗೆಸೋಕಾಗುತ್ತಾ? ಎಬ್ಬಿಸ್ರೀ ಅದನ್ನ!”

ಸತ್ತದ್ದೇ ಇವತ್ತಿನ ಪಾಠ ಎಂದು ಹೇಳಲು ಮೇಷ್ಟ್ರು ಎದ್ದು ನಿಂತರು. ಆದರೆ ನಾಲಿಗೆ ಎಂದಿನ ದಾರಿ ಹಿಡಿದಿತ್ತು. “ಆಗಲಿ ಸಾರ್.” ಬೊಂಬೆಯ ನಾಡಿ ಕುದುರೆಯಂತೆ ಓಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋ ಆಯಿತು.

ಆಟ ಮುಗಿದ ಮೇಲೆ ಸುತ್ತ ಕೂತು ಮಾತಾಡುವ ಪದ್ಧತಿ ಇತ್ತು. “ತಂಡ ಅಂದ್ರೆ ಇದು! ಒಬ್ಬ ಹೇಳಬೇಕು, ಎಲ್ಲರೂ ಕೇಳಬೇಕು,” ಎಂದು ಡಾಕ್ಟರು ಭಾಷಣ ಮಾಡಿದರು.

ನರ್ಸಮ್ಮ ಮೆಲ್ಲಗೆ ಕೇಳಿದಳು. “ಮೇಷ್ಟ್ರೇ, ಆ ಇಂಜೆಕ್ಷನ್ ಕೊಟ್ಟ ಮೇಲೂ ಅದು ಬದುಕಿದ್ದು ಹೇಗೆ? ನಾನು ಒತ್ತಿದ್ದು ಸರಿ ಇತ್ತಾ?”

ಕೈ ಮೇಲೆ ಕೈ ಇಟ್ಟು, ಒತ್ತಿದ್ದು ಹೀಗೆ ಎಂದು ತೋರಿಸಿದಳು. ನಾಳೆ ನಿಜವಾದ ಮೇಜಿನ ಮುಂದೆ ನಿಲ್ಲುವ ಕೈ. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, ಬಾವಿಗೆ ಹಾರುವವರ ಹಾಗೆ, ಹೇಳಿಯೇಬಿಟ್ಟರು. “ಬದುಕಲಿಲ್ಲಮ್ಮ. ಡಾಕ್ಟರು ನಿನ್ನ ಮಾತು ಕೇಳಲಿಲ್ಲ, ರೋಗಿ ಸತ್ತ. ಅಧಿಕಾರಿ ಎಬ್ಬಿಸು ಅಂದ್ರು, ನಾನು ಸುಳ್ಳುಸುಳ್ಳೇ ಎಬ್ಬಿಸಿದೆ.”

ಕೆಲಸ ಹೋಯಿತು ಎಂದುಕೊಂಡು ಕಣ್ಣು ಬಿಟ್ಟರು. ದೊಡ್ಡ ಡಾಕ್ಟರು ಬಾಗಿಲ ಬಳಿ ಫೋನಿನಲ್ಲಿ ನಗುತ್ತಿದ್ದರು. ಅಧಿಕಾರಿ ಫೋಟೋ ಆರಿಸುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ಬಾಯಿ ಬಿಟ್ಟರೆ ಕೇಳಬೇಕಾದವರ ಕಿವಿಯೇ ಅಲ್ಲಿರಲಿಲ್ಲ! ಮೇಷ್ಟ್ರಿಗೆ ಸಮಾಧಾನವಾಯಿತೋ ಅವಮಾನವಾಯಿತೋ, ಅವರಿಗೇ ತಿಳಿಯಲಿಲ್ಲ.

ದೊಡ್ಡವರು ಹೋದ ಮೇಲೆ ನರ್ಸಮ್ಮ, “ಇನ್ನೊಂದ್ಸಲ ಮಾಡೋಣ,” ಎಂದಳು. ಮೇಷ್ಟ್ರೇ ಡಾಕ್ಟರಾದರು. ಕೋಣೆ ಗುಡಿಸಲು ಬಂದಿದ್ದ ಆಯಮ್ಮನನ್ನು ಗುಂಡಿಗಳ ಮುಂದೆ ಕೂರಿಸಿದರು. ಡಾಕ್ಟರ ಪಾತ್ರ ಮೇಷ್ಟ್ರಿಗೆ ಎಷ್ಟು ಹಿಡಿಸಿತೆಂದರೆ, ಇಷ್ಟು ವರ್ಷ ಬೈಸಿಕೊಂಡದ್ದೆಲ್ಲ ಬಡ್ಡಿ ಸಮೇತ ಹೊರಬಂತು. “ಕತ್ತೆಗಳಾ, ಕೊಡ್ರೋ ಇಂಜೆಕ್ಷನ್!” ಎಂದು ಗುಡುಗಿದರು.

“ನಿಲ್ಸಿ!” ಎಂದಳು ನರ್ಸಮ್ಮ. ಈ ಸಲ ಟೆಕ್ನಿಷಿಯನ್ ಸೂರಿನ ಕಡೆ ನೋಡಲಿಲ್ಲ. ಸಿರಿಂಜನ್ನು ಟ್ರೇಯಲ್ಲಿ ಕುಕ್ಕಿ, ಮೇಷ್ಟ್ರ ಕಣ್ಣಿಗೆ ಕಣ್ಣಿಟ್ಟು, “ನಾನು ಕೊಡಲ್ಲ ಸಾರ್,” ಎಂದ. ಗಾಜಿನಾಚೆಯಿಂದ ಆಯಮ್ಮನೂ ಮೈಕಿನಲ್ಲಿ ಕೂಗಿದಳು. “ಬೇಡ ಅಂದ್ರೆ ಬೇಡ ಕಣಯ್ಯಾ!” ಮೇಷ್ಟ್ರು ಬೆಚ್ಚಿಬಿದ್ದು ಸ್ಟೂಲಿನ ಮೇಲೆ ಕೂತರು. ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಬೊಂಬೆ ಕೋಣೆಯಲ್ಲಿ ಹೊಸಬರು ಡಾಕ್ಟರನ್ನೇ ತಡೆಯುತ್ತಾರೆ ಎಂಬ ಸುದ್ದಿ ಹೇಗೋ ಹಬ್ಬಿತು. ಆಮೇಲೆ ತರಬೇತಿಗೆ ಕರೆದಾಗಲೆಲ್ಲ ಹಿರಿಯ ಡಾಕ್ಟರುಗಳಿಗೆ ತುರ್ತು ಮೀಟಿಂಗು ಬರತೊಡಗಿತು. ಹೊಸಬರು ಮಾತ್ರ ತಪ್ಪು ಮಾಡಿ ಬೊಂಬೆಯನ್ನು ಸಾಯಿಸಿ, ಅತ್ತು, ಮತ್ತೆ ಕಲಿತರು. ದೊಡ್ಡ ಡಾಕ್ಟರು ಈಗಲೂ ಔತಣಗಳಲ್ಲಿ ಹೇಳುತ್ತಾರಂತೆ: “ನಾಡಿ ನಿಂತಿತ್ತು ಕಣ್ರೀ. ನಾನು ಪಕ್ಕದಲ್ಲಿ ನಿಂತಿದ್ದೆ, ಅಷ್ಟೇ, ಎದ್ದುಬಿಡ್ತು!”