ಆ ಮನೆಯ ಕೆಮ್ಮು

ಮಣ್ಣೂರಿನ ಆ ಮನೆಗೆ ನಾನು ಸೊಸೆಯಾಗಿ ಹೋದದ್ದು ಎಂಬತ್ತರ ದಶಕದ ಕೊನೆಯಲ್ಲಿ. ನನಗಿಂತ ಮೊದಲೇ ಬಂದಿದ್ದ ಹಿರಿಯ ಸೊಸೆಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಗಂಡಸರು ಹೊಲಕ್ಕೆ ಹೋದ ಮೇಲೆ ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದೆವು. ಅತ್ತೆ ಹೊರಸಿನ ಮೇಲೆ ಕುಳಿತು ಕೆಮ್ಮುತ್ತಿದ್ದರು. "ನಂದು ದಮ್ಮು, ಹಳೇದು," ಎನ್ನುತ್ತಿದ್ದರು. ಆ ಕೆಮ್ಮಿಗೆ ಎಲ್ಲರ ಕಿವಿ ಒಗ್ಗಿಹೋಗಿತ್ತು.

ಮರುವರ್ಷ ಬೇಸಿಗೆಯಲ್ಲಿ ಅಕ್ಕ ಕೆಮ್ಮತೊಡಗಿದಳು. ಸಂಜೆಯಾದರೆ ಮೈ ಕಾಯುತ್ತಿತ್ತು. ಬಳೆಗಳು ಮೊಣಕೈವರೆಗೆ ಜಾರುವಷ್ಟು ಸೊರಗಿದಳು. ಒಂದು ಮಧ್ಯಾಹ್ನ ರೊಟ್ಟಿ ತಟ್ಟುತ್ತಿದ್ದವಳು ತಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೆರಗು ತೆಗೆದಾಗ ಅದರ ಮೇಲೆ ರಕ್ತವಿತ್ತು.

ಅತ್ತೆ ನೋಡಿಬಿಟ್ಟರು. "ಹೊರಗ ಯಾರ ಮುಂದರೆ ಬಾಯಿ ಬಿಟ್ಟೀರಿ, ನೋಡ್ರಿ ಮತ್ತ. ಮನ್ಯಾಗ ಮದುವಿಗೆ ಬಂದ ಮಗಳದಾಳ," ಎಂದರು.

ಒಂದು ತಿಂಗಳು ತಡೆದೆವು. ಆಮೇಲೆ ಬಳೆ ಇಡಿಸಿಕೊಂಡು ಬರುತ್ತೇವೆಂದು ಹೇಳಿ ಇಬ್ಬರೂ ಅಫಜಲಪುರದ ಬಸ್ಸು ಹತ್ತಿದೆವು. ದವಾಖಾನೆಯಲ್ಲಿ ಪುಟ್ಟ ಡಬ್ಬಿಯೊಂದನ್ನು ಕೊಟ್ಟು ಅದರಲ್ಲಿ ಕಫ ಉಗುಳಿಸಿಕೊಂಡರು. ಪರೀಕ್ಷೆ ಮುಗಿದ ಮೇಲೆ ಡಾಕ್ಟರು ನಮ್ಮನ್ನು ಒಳಗೆ ಕರೆದರು.

"ಟಿಬಿ ಅದರಿ ತಾಯಿ."

ಅಕ್ಕ ನನ್ನತ್ತ ನೋಡಿದಳು. "ನಾವು ಒಂದs ತಾಟಿನ್ಯಾಗ ಉಣತೇವ್ರಿ. ಈಕಿಗೂ ಬರತದೇನ್ರಿ?"

"ತಾಟಿನಿಂದ ಬರೂದಿಲ್ಲ. ರೋಗ ಇದ್ದವರು ಕೆಮ್ಮಿದಾಗ ಗಾಳ್ಯಾಗ ಹಾರತದ. ಆ ಗಾಳಿ ಎಳಕೊಂಡವರ ಎದಿಯೊಳಗ ಹೋಗಿ ಕೂಡತದ. ಭಾಳ ಮಂದಿಗೆ ವರ್ಷಾನುಗಟ್ಟಲೆ ಸುಮ್ಮನ ಮಲಗಿರತದ. ಮೈ ಸೋತಾಗ ಏಳತದ." ಆಮೇಲೆ ಕೇಳಿದರು: "ಮನ್ಯಾಗ ಮತ್ತ ಯಾರರೆ ಕೆಮ್ಮತಾರೇನ್ರಿ?"

ಇಬ್ಬರ ಕಣ್ಣೂ ಕೂಡಿದವು. "ಇಲ್ರಿ," ಎಂದಳು ಅಕ್ಕ. ನಾನೂ ಇಲ್ಲವೆಂದು ತಲೆಯಾಡಿಸಿದೆ. ಅತ್ತೆಯ ಹೆಸರೆತ್ತುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಗುಳಿಗೆ ಶುರುವಾಯಿತು. ಮೂತ್ರ ಕೆಂಪಗಾದಾಗ ಅಕ್ಕ ಗಾಬರಿಯಾದಳು. ಅದು ಔಷಧದ ಬಣ್ಣವೆಂದು ನರ್ಸಮ್ಮ ಹೇಳಿದ್ದನ್ನು ನಾನು ನೆನಪಿಸಿದೆ. ಮೂರು ತಿಂಗಳಲ್ಲಿ ಕೆಮ್ಮು ನಿಂತಿತು, ಕೆನ್ನೆ ತುಂಬಿತು. ಆರಾಮೆನಿಸಿದರೂ ಗುಳಿಗೆ ಬಿಡಬೇಡಿ ಎಂದು ಡಾಕ್ಟರು ಸಾರಿಸಾರಿ ಹೇಳಿದ್ದರು. ಅಷ್ಟರಲ್ಲಿ ಅತ್ತೆಗೆ ವಿಷಯ ತಿಳಿಯಿತು.

"ಗಟ್ಟಿಮುಟ್ಟಾಗಿ ಅದಿ. ಇನ್ನ ಯಾಕ ಬೇ ಆ ಗುಳಿಗಿ? ಮಂದಿ ನೋಡಿದ್ರ ಏನಂದಾರು?"

ಅಕ್ಕ ಗುಳಿಗೆ ಬಿಟ್ಟಳು. ದೀಪಾವಳಿ ದಾಟುವಷ್ಟರಲ್ಲಿ ರಕ್ತ ಮತ್ತೆ ಬಂತು. ಮತ್ತೆ ಗುಳಿಗೆ ನುಂಗಿದಳು, ಸೂಜಿ ಚುಚ್ಚಿಸಿಕೊಂಡಳು, ಯಾವುದೂ ಹತ್ತಲಿಲ್ಲ. ಅರ್ಧಕ್ಕೆ ಬಿಟ್ಟರೆ ರೋಗ ಔಷಧಕ್ಕೆ ಬಗ್ಗುವುದಿಲ್ಲ ಎಂದು ಡಾಕ್ಟರು ತಲೆಯಾಡಿಸಿದರು. ಅತ್ತೆ ಅವಳನ್ನು ಕರಜಗಿಯ ತವರಿಗೆ ಕಳಿಸಿದರು. ನಾನು ನೋಡಲು ಹೋದಾಗ ಅವಳು ಗೋಡೆಗೆ ಮುಖಮಾಡಿ ಮಲಗಿದ್ದಳು. "ಹತ್ತಿರ ಬರಬ್ಯಾಡ. ನೀ ಬಸರಿ ಅದಿ," ಎಂದಳು. ಇಪ್ಪತ್ತು ದಿನ ಕಳೆದು ಅವಳು ಹೋದಳೆಂಬ ಸುದ್ದಿ ಬಂತು.

ನನ್ನ ಮಗಳಿಗೆ ಮೂರು ತುಂಬಿದಾಗ ಕುತ್ತಿಗೆಯಲ್ಲಿ ಗಂಟು ಕಂಡಿತು, ಜ್ವರ ಬಿಡಲಿಲ್ಲ. ಅದೇ ಡಾಕ್ಟರು, ಅದೇ ರೋಗ, ಅದೇ ಪ್ರಶ್ನೆ.

"ಹೌದ್ರಿ," ಎಂದೆ. "ನಮ್ಮ ಅತ್ತಿ ಕೆಮ್ಮತಾರ. ನಾ ಮದುವ್ಯಾಗಿ ಬಂದಾಗಿಂದ."

ಅತ್ತೆ ಬೇಡವೆಂದರೂ, ಮಗಳ ಜೀವದ ಮಾತೆಂದೊಡನೆ ನನ್ನ ಗಂಡ ಅವರ ಮಾತು ಕೇಳಲಿಲ್ಲ. ತಾಯಿಯನ್ನು ಕರೆದೊಯ್ದು ಕಫ ಕೊಡಿಸಿದರು. ಅದರಲ್ಲಿ ರೋಗವಿತ್ತು. ಮರಳಿ ಬರುವಾಗ ಅತ್ತೆ ಬಸ್ಸಿನಲ್ಲಿ ನನ್ನ ಪಕ್ಕ ಕಿಟಕಿಯ ಸರಳು ಹಿಡಿದು ಕುಳಿತರು. ಊರು ಹತ್ತಿರ ಬಂದಾಗ, "ದೊಡ್ಡ ಸೊಸಿಗೂ ನನ್ನಿಂದs ಬಂತೇನು?" ಎಂದರು.

ದಿನಾ ಮುಂಜಾನೆ ನನ್ನ ಕಣ್ಣೆದುರಿಗೇ ಅವರು ಗುಳಿಗೆ ನುಂಗಿದರು, ಒಂದು ದಿನವೂ ತಪ್ಪಿಸಲಿಲ್ಲ. ಮಗಳಿಗೂ ಔಷಧ ನಡೆದು ಗಂಟು ಕರಗಿತು. ಅತ್ತೆಯ ಕೆಮ್ಮೂ ನಿಂತಿತು. ಔಷಧ ಮುಗಿದ ವಾರ ಅವರು ಹೊಸ ಸೀರೆ ಉಟ್ಟುಕೊಂಡು ಬಂದು, "ಕರಜಗಿಗೆ ಕರಕೊಂಡು ನಡಿ," ಎಂದರು.

ಅಕ್ಕನ ತಾಯಿ ಚಾಪೆ ಹಾಸಿ ನೀರು ಕೊಟ್ಟರು. ಅತ್ತೆ ತಂಬಿಗೆ ಮುಟ್ಟಲಿಲ್ಲ. "ನಿನ್ನ ಮಗಳಿಗೆ ರೋಗ ಹಚ್ಚಿದಾಕಿ ನಾನs," ಎಂದರು.

ಅಕ್ಕನ ತಾಯಿ ತಂಬಿಗೆಯನ್ನು ಪಕ್ಕಕ್ಕೆ ಸರಿಸಿದರು. "ಅದು ನಿಮಗ ಗೊತ್ತಿರಲಿಲ್ಲ ಬಿಡ್ರಿ," ಎಂದರು. "ಗುಳಿಗಿ ಬಿಡಿಸಿದವರು ಯಾರ್ರಿ?"

ಬಸ್ಸಿನ ಹೊತ್ತಾಯಿತೆಂದು ನಾನೇ ಅತ್ತೆಯ ಕೈಹಿಡಿದು ಎಬ್ಬಿಸಿದೆ.