ತೊಯ್ದ ಮಣ್ಣಿನ ಭಾರ

ಕಂಪ್ಲಿಯ ಬಸ್ಸು ತಡವೆಂದು ಬುಕ್ಕಸಾಗರದಲ್ಲಿ ಚಹಾ ಕುಡಿಯಲು ಹೋದೆ. ಅಂಗಡಿಯ ಗಂಗಮ್ಮ ಒಲೆ ಬಿಟ್ಟು ಹಿಂದಿನ ಹೊಸ ಕೋಣೆಯಲ್ಲಿ ನಿಂತಿದ್ದರು. ಮಣ್ಣಿನ ಮಾಳಿಗೆ, ಅದನ್ನು ಹೊತ್ತ ದುಂಡು ಮರದ ಜಂತಿಗಳಲ್ಲಿ ನಡುವಿನದು ತೀರಾ ತೆಳುವಾಯಿತೆಂದು ಅವರಿಗೆ ಅನುಮಾನ. ಮಗಳು ಕೂಸಿನೊಂದಿಗೆ ಮರುದಿನ ಸಂಡೂರಿನಿಂದ ಬಂದು ಅಲ್ಲೇ ಮಲಗುವವಳಿದ್ದಳು. ಅದಕ್ಕೇ, ಬಾಗಿದರೆ ತಿಳಿಯಲೆಂದು ಆ ಜಂತಿಯ ಕೆಳಗೆ ಬೆರಳಿನಷ್ಟು ಜಾಗ ಬಿಟ್ಟು, ಗೋಡೆಯಿಂದ ಗೋಡೆಗೆ ದಾರ ಬಿಗಿದಿದ್ದರು. ಮೇಲೆ ಗಂಡ ಹನುಮಂತಪ್ಪ ಮಣ್ಣಿಗೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು.

ಶಿಮ್ಲಾದಲ್ಲಿ ಹಿಮ ಹೊತ್ತ ಸೂರುಗಳನ್ನು ಕಂಡಿದ್ದೆ. ನೀರು ಕುಡಿದ ಮಣ್ಣೂ ಹಾಗೆಯೇ ಮನೆಯ ಮೇಲೆ ಕೂರುತ್ತದೆಂದು ಯೋಚಿಸಿರಲಿಲ್ಲ.

“ಒಣಾ ಇದ್ದಾಗ ಎಲ್ಲಾ ಹೊರ್ತಾವ್ರಿ. ಹಸಿ ಆದಾಗ ನೋಡ್ಬೇಕು,” ಎಂದರು ಗಂಗಮ್ಮ, ದಾರದಿಂದ ಕಣ್ಣು ತೆಗೆಯದೆ.

ಜಂತಿ ಮೆಲ್ಲಗೆ ಬಾಗುತ್ತ ಬಂದು ದಾರಕ್ಕೆ ತಾಗಿತು. ಮರ ಚಟ್ ಎಂದಿತು.

“ಸಾಕು! ಜಲ್ದಿ ಇಳೀರಿ!” ಗಂಗಮ್ಮ ಕೂಗಿದರು.

“ನೀ ಮೊದ್ಲ ಹೊರಗ ಹೋಗು!” ಮೇಲಿನಿಂದ ಗಂಡನ ಕೂಗು.

ನನ್ನ ಹಿಂದೆಯೇ ಇಬ್ಬರೂ ಅಂಗಳಕ್ಕೆ ಬಂದು ಏದುಸಿರು ಬಿಡುತ್ತ ನಿಂತರು. ಹನುಮಂತಪ್ಪ ಕೆಸರುಗೈಯಲ್ಲೇ ಮಗಳಿಗೆ ಫೋನ್ ಮಾಡಿದರು.

“ಇಲ್ಲಿ ಭಾಳ ಮಳಿ ಐತವ್ವಾ. ನಾಳೆ ಬರಬ್ಯಾಡ. ನಾನ ಬಂದು ಕರ್ಕೊಂಡ್ ಬರ್ತೀನಿ.”

ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.